ಮಂಜು ಸರಿ, ಅದರೊಳಗಿನ ಮರದ ಹೆಸರೇನು?

ಕಳೆದ ತಿಂಗಳು ಮಡಿಕೇರಿಯಲ್ಲಿ ಒಂದು ಸಣ್ಣ ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಮಧ್ಯಾಹ್ನದ ಮೇಲೆ ಅಲ್ಲೇ ಕವಿಗೋಷ್ಠಿಯೂ ಇತ್ತು. ಎರಡಕ್ಕೂ ವಿಷಯ ಒಂದೇ, ಕೊಡಗಿನ ಪ್ರಕೃತಿ. ಗೋಡೆಯ ಮೇಲೆ 38 ಚಿತ್ರಗಳಿದ್ದವು. ಎಣಿಸಿ ನೋಡಿದೆ, 26ರಲ್ಲಿ ಮಂಜು. ಮಂಜಿನೊಳಗೆ ಬೆಟ್ಟ, ಮಂಜಿನೊಳಗೆ ರಸ್ತೆ, ಮಂಜಿನೊಳಗೆ ಸಾಲು ಮರ. ಕೆಲವು ನಿಜಕ್ಕೂ ಚೆನ್ನಾಗಿದ್ದವು. ಆದರೆ ಹತ್ತು ಚಿತ್ರ ದಾಟುವಷ್ಟರಲ್ಲಿ ಯಾವುದು ಯಾರದ್ದು ಅನ್ನೋದು ಮರೆತುಹೋಯಿತು.

ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕ, ಅಂಗೈ ಅಗಲದ ಒಂದು ಚಿತ್ರ ಇತ್ತು. ಕಾಫಿ ಎಲೆಯ ತುದಿಯಲ್ಲಿ ಒಂದು ಜಿಗಣೆ ಎದ್ದು ನಿಂತು ಗಾಳಿಯಲ್ಲಿ ತಡಕಾಡುತ್ತಿದೆ. ಅಷ್ಟೇ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತೆ. ಮಳೆಗಾಲದಲ್ಲಿ ತೋಟಕ್ಕೆ ಇಳಿದವರಿಗೆಲ್ಲ ಆ ನಿಲುವು ಗೊತ್ತು. ನಮ್ಮ ಹೆಜ್ಜೆಯ ಅದುರು, ಮೈಯ ಬಿಸಿ ತಿಳಿದು ಅದು ಹಾಗೆ ಏಳುತ್ತದೆ. ಬರೆದವಳು ಸೋಮವಾರಪೇಟೆ ಕಡೆಯವಳು, ಡಿಗ್ರಿ ಓದುತ್ತಿದ್ದಾಳೆ.

"ಇದನ್ನೇ ಯಾಕೆ ಬರೆದೆ ಮಗಳೇ?" ಅಂದೆ.

"ದಿನಾ ನೋಡೋದು ಇದನ್ನೇ ಅಲ್ವಾ ಟೀಚರ್. ಮಳೆಯಲ್ಲಿ ಕಾಲು ನೋಡ್ಕೊಂಡೇ ನಡೀಬೇಕು. ತಲೆ ಎತ್ತಿ ಮಂಜು ನೋಡೋಕೆ ಎಲ್ಲಿ ಪುರ್ಸೊತ್ತು?"

ಆ ಮಾತು ಅಂದಿನಿಂದ ತಲೆಯಲ್ಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದೇ ಸಭಾಂಗಣದಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬೆಳ್ಳಗಿನ ಮಂಜು, ಅದರಲ್ಲಿ ಕಂಬ ನೆಟ್ಟ ಹಾಗೆ ನೆಟ್ಟಗೆ ನಿಂತ ಮರಗಳು. "ಯಾವ ಮರ ಇದು?" ಎಂದು ಕಲಾವಿದರನ್ನು ಕೇಳಿದೆ. "ಮರ ಅಷ್ಟೇ ಮೇಡಂ, ಕೊಡಗಿನ ಕಾಡು" ಅಂದರು. ಅದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರೋದೂ ಸುಲಭ. ಆ ಕಾರಣಕ್ಕೆ ನಮ್ಮ ತೋಟಗಳಲ್ಲಿ ಹಲಸು, ಅತ್ತಿ, ಮತ್ತಿ, ನಂದಿ, ಹೊನ್ನೆ ಇದ್ದ ಜಾಗಕ್ಕೆ ಅದು ಬಂದು ನಿಂತಿದೆ. ನಾನು ಆ ಮರವನ್ನು ಬೈಯುತ್ತಿಲ್ಲ, ನಮ್ಮ ತೋಟದಲ್ಲೂ ಇದೆ. ಆದರೆ ಅದನ್ನೇ 'ಕೊಡಗಿನ ಕಾಡು' ಎಂದು ಬರೆದಾಗ, ಹೋದ ಮರಗಳ ನೆನಪೂ ಹೋಗುತ್ತದೆ. ನನ್ನ ಬೇಸರ ಅದು.

ಕವಿಗೋಷ್ಠಿಯಲ್ಲೂ ಹಾಗೇ ಆಯಿತು. ಹಸಿರು ಸೀರೆ ಉಟ್ಟ ವನದೇವಿ ಬಂದಳು, ಮಂಜಿನ ಮುಸುಕು ಬಂತು. ಒಬ್ಬರು ಕಾಫಿ ಹೂವನ್ನು ಹಿಮಕ್ಕೆ ಹೋಲಿಸಿದರು. ಕೇಳಿದ ನಮ್ಮಲ್ಲಿ ಹಿಮ ಬೀಳೋದನ್ನು ಕಣ್ಣಾರೆ ಕಂಡವರು ಎಷ್ಟು ಜನ? ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು, ಹೂ ಬಿರಿದ ಬೆಳಿಗ್ಗೆ ಗೇಟಿನ ಹತ್ತಿರ ನಿಂತು "ಅನ್ನ ಬಸಿದು ಹರವಿದ ಹಾಗೆ ಉಂಟಲ್ಲಕ್ಕಾ" ಅಂದಿದ್ದರು. ಆ ಮಾತಿನಲ್ಲಿ ಬಿಳಿ ಇದೆ, ಬಿಸಿ ಇದೆ, ಪರಿಮಳ ಇದೆ, ಹೊಟ್ಟೆಪಾಡೂ ಇದೆ. ಕಾಫಿ ಹೂವಿನ ಬಗ್ಗೆ ನಾನು ಕೇಳಿದ ಕವಿತೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ಹೂವಿನ ವಿಷಯ ಬಂತಲ್ಲ, ಸ್ವಲ್ಪ ಹೇಳಿಬಿಡುತ್ತೇನೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೊಗ್ಗು ಕಟ್ಟಿಕೊಂಡು ಗಿಡ ಕಾಯುತ್ತಾ ಇರುತ್ತದೆ. ಆಗ ಸುಮಾರು ಒಂದು ಇಂಚು ಮಳೆ ಬರಬೇಕು. ಅದೇ ಹೂ ಮಳೆ. ಬಂದ ಒಂಬತ್ತು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಮಳೆ ಕಡಿಮೆಯಾದರೆ ಮೊಗ್ಗು ಪೂರ್ತಿ ಬಿಡಿಸುವುದಿಲ್ಲ. ಹೂ ಬಿರಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಫಸಲಿಗೆ ಪೆಟ್ಟು. ಇತ್ತೀಚೆಗೆ ಎಷ್ಟೋ ರೋಬಸ್ಟಾ ಕಾಫಿ ತೋಟಗಳಲ್ಲಿ ಆಕಾಶ ನೋಡದೆ ಸ್ಪ್ರಿಂಕ್ಲರ್ ಹಾಕಿಯೇ ಹೂ ಬಿಡಿಸುತ್ತಾರೆ. ಆದರೂ ಆ ಬಿಳಿಯನ್ನು ನೋಡುವಾಗ ಬೆಳೆಗಾರನ ಮನೆಯಲ್ಲಿ ಎಲ್ಲರೂ ಮೋಡವನ್ನೂ ನೋಡುತ್ತಿರುತ್ತಾರೆ. ಸಂತೋಷ, ಭಯ ಎರಡೂ ಒಂದೇ ಅಂಗಳದಲ್ಲಿ. ಇಷ್ಟೆಲ್ಲ ಇರುವಾಗ ಕವಿತೆ ಬರೀ 'ಘಮಘಮ'ಕ್ಕೆ ಯಾಕೆ ನಿಲ್ಲಬೇಕು?

ಕೊಡಗಿನ ಪ್ರಕೃತಿಯ ಬಗ್ಗೆ ನನಗೆ ಗೊತ್ತಿರುವ ಒಳ್ಳೆಯ ಬರಹ ಒಂದು ಕವಿತೆಯೇ ಅಲ್ಲ. ನಮ್ಮ ಅಪ್ಪನ ಮಳೆ ಪುಸ್ತಕ. ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ತೋಟದ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವುದು. "ನಿಮ್ಮಲ್ಲಿ ಎಷ್ಟು ಬಂತು?" "ಎರಡು ಇಂಚು ನಲವತ್ತು." ಫೋನ್ ಮಾಡಿದರೆ ಊಟ ಆಯ್ತಾ ಎನ್ನುವ ಮೊದಲು ಇದನ್ನೇ ಕೇಳುವುದು. ಅಪ್ಪ ಹಳೆಯ ಡೈರಿಗಳಲ್ಲಿ ಬರೆಯುತ್ತಿದ್ದರು. ಅಂಕಿಯ ಪಕ್ಕದಲ್ಲಿ ಒಂದೊಂದು ಸಾಲು.

"0.90. ಹೂ ಮಳೆ. ಸಾಕಾಗಲಿಲ್ಲ."

"3.20. ಕುಟ್ರ ಹಕ್ಕಿ ಕೂಗು ನಿಲ್ಲಿಸಿತು."

"1.15. ರಾತ್ರಿ ಆನೆ. ಹಲಸಿನ ಹಣ್ಣು ಎಲ್ಲಾ ಹೋಯ್ತು, ಬೇಲಿಯೂ."

"5.60. ತೋಡು ದಾಟಲು ಆಗಲಿಲ್ಲ. ಮಕ್ಕಳು ಶಾಲೆಗೆ ಹೋಗಲಿಲ್ಲ."

ಅಪ್ಪ ತಾವು ಸಾಹಿತ್ಯ ಬರೆಯುತ್ತಿದ್ದೇವೆ ಎಂದು ಯಾವತ್ತೂ ಅಂದುಕೊಂಡವರಲ್ಲ. 2018ರ ಆಗಸ್ಟ್ ಮಧ್ಯದ ಆ ವಾರದ ಪುಟ ತೆಗೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಅಂಕಿ ಬರೆಯುವ ಜಾಗ ಖಾಲಿ. ಪಕ್ಕದಲ್ಲಿ ಮಾತ್ರ ಹೀಗಿದೆ: "ಡಬ್ಬ ತುಂಬಿ ಚೆಲ್ಲಿದೆ. ಅಳತೆ ಇಲ್ಲ." ಮರುದಿನದ ಪುಟದಲ್ಲಿ ಏನೂ ಇಲ್ಲ.

ಆ ದಿನಗಳಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮಾದಾಪುರದ ಕಡೆ ಏನಾಯಿತು ಎಂದು ನಿಮಗೆಲ್ಲ ಗೊತ್ತು. ಬೆಟ್ಟ ಜಾರಿತು. ಮನೆ, ಗದ್ದೆ, ತೋಟ ಹೋದವು, ಜನರೂ ಹೋದರು. ಮರುವರ್ಷ ತೋರ ಗ್ರಾಮದಲ್ಲಿ ಮತ್ತೆ ಹಾಗೇ ಆಯಿತು. 2020ರಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಾಯಿತು. ಆ ಬೆಟ್ಟಗಳನ್ನೇ ನಾವು ಈಗಲೂ 'ತಾಯಿಯ ಮಡಿಲು' ಎಂದು ಬರೆಯುತ್ತೇವೆ. ಬರೆಯಬೇಡಿ ಎಂದು ಹೇಳುತ್ತಿಲ್ಲ. ಆದರೆ ಆ ಮಡಿಲು ಜಾರಿದ್ದನ್ನೂ ಕಂಡ ಕಣ್ಣಿನಿಂದ ಬರೆಯಿರಿ ಅನ್ನುತ್ತಿದ್ದೇನೆ.

ಬರೆಯುವವರು ಇದ್ದಾರೆ. ಅದೇ ಗೋಷ್ಠಿಯಲ್ಲಿ ಕೊನೆಗೆ ಒಬ್ಬ ಹುಡುಗ ಇಲ್ಲಿನ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಒಂದು ಪದ್ಯ ಓದಿದ. ಮನೆ ಕಳೆದುಕೊಂಡ ಅವನ ಅಜ್ಜಿ ಈಗ ಪುನರ್ವಸತಿ ಬಡಾವಣೆಯಲ್ಲಿದ್ದಾರೆ. ಅವನ ಒಪ್ಪಿಗೆ ಪಡೆದು ಕೆಲವು ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೂಲದ ರುಚಿ ಇದರಲ್ಲಿ ಅರ್ಧವೂ ಇಲ್ಲ:

"ಇಲ್ಲಿ ಎಲ್ಲಾ ಮನೆಯೂ ಒಂದೇ ಥರ,
ಅಜ್ಜಿ ದಿನಾ ಬಾಗಿಲು ತಪ್ಪುತ್ತಾಳೆ.
ಹಲಸಿನ ಬೀಜ ಊರಿದ್ದಾಳೆ ಗೋಡೆ ಪಕ್ಕ,
ಗುರುತಿಗೆ."

ಓದಿ ಮುಗಿಸಿದಾಗ ಯಾರೂ ಕೂಡಲೇ ಚಪ್ಪಾಳೆ ಹೊಡೆಯಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಹಲಸಿನ ಬೀಜ ಇಷ್ಟು ಕೆಲಸ ಮಾಡುತ್ತದೆ. ಅಲ್ಲಿ 'ಗಿಡ' ಎಂದಿದ್ದರೆ ಈ ಪದ್ಯ ಇರುತ್ತಿರಲಿಲ್ಲ. ಹಲಸೇ ಆಗಬೇಕು. ಯಾಕೆಂದರೆ ಅದು ಅಜ್ಜಿ ಉಂಡು ಬೆಳೆದದ್ದು, ಆನೆ ಹುಡುಕಿಕೊಂಡು ಬರುವುದು, ಎಷ್ಟೋ ವರ್ಷ ಕಾಯಿಸಿ ಫಲ ಕೊಡುವುದು.

ಹೆಸರು ಯಾಕೆ ಮುಖ್ಯ ಅನ್ನೋದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್‌ನಲ್ಲಿ ಮಕ್ಕಳ ಒಂದು ಹೆಸರಾಂತ ನಿಘಂಟಿನಿಂದ ಮಿಂಚುಳ್ಳಿ ಹಕ್ಕಿ, ಓಕ್ ಮರದ ಕಾಯಿ ಇಂಥ ಪದಗಳನ್ನು ಕೈಬಿಟ್ಟು ಕಂಪ್ಯೂಟರ್ ಕಾಲದ ಪದಗಳನ್ನು ಸೇರಿಸಿದರು. ಅದರಿಂದ ನೊಂದು ಲೇಖಕ ರಾಬರ್ಟ್ ಮ್ಯಾಕ್‌ಫಾರ್ಲೇನ್ ಮತ್ತು ಕಲಾವಿದೆ ಜ್ಯಾಕಿ ಮಾರಿಸ್ ಸೇರಿ 2017ರಲ್ಲಿ ಒಂದು ಪುಸ್ತಕ ತಂದರು. ಕಳೆದುಹೋದ ಒಂದೊಂದು ಹೆಸರಿಗೂ ಒಂದು ಪದ್ಯ, ಪಕ್ಕದಲ್ಲಿ ಚಿತ್ರ. ಪದ್ಯಗಳು ಜೋರಾಗಿ ಓದಲಿಕ್ಕೆ ಬರೆದವು, ಮಂತ್ರ ಹೇಳಿ ಕರೆದ ಹಾಗೆ. ಊರ ಜನರೇ ದುಡ್ಡು ಕೂಡಿಸಿ ಆ ಪುಸ್ತಕವನ್ನು ಸಾವಿರಾರು ಶಾಲೆಗಳಿಗೆ ತಲುಪಿಸಿದರು. ಕವಿತೆ, ಚಿತ್ರ ಎರಡೂ ಒಂದೇ ಹೆಸರಿನ ಸುತ್ತ ಕೂತಾಗ ಎಂಥ ಶಕ್ತಿ ಬರುತ್ತದೆ ನೋಡಿ.

ನಮ್ಮ ಜಿಲ್ಲೆಯಲ್ಲಿ ಹೆಸರುಗಳಿಗೆ ಬರವೇ ಇಲ್ಲ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಜೇನುಕುರುಬರ ಮಾತು, ತುಳು, ಬ್ಯಾರಿ, ಮಲಯಾಳ, ಕನ್ನಡ, ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟೊಂದು ಭಾಷೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಯ ಬಾಯಿಗೆ ಸಿಕ್ಕಿಸುವ ಬೆಂಕಿ ಬಣ್ಣದ ಹೂವಿಗೆ ಕೊಡವರು 'ತೋಕ್ ಪೂ' ಅನ್ನುತ್ತಾರೆ, ಅಂದರೆ ಕೋವಿ ಹೂ. ಅದೇ ಹೂ ಕನ್ನಡದಲ್ಲಿ ಅಗ್ನಿಶಿಖೆ. ಒಂದು ಹೆಸರು ಬಣ್ಣ ನೋಡಿ ಬಂದದ್ದು, ಇನ್ನೊಂದು ಹಬ್ಬ ನೋಡಿ ಬಂದದ್ದು. ಎರಡನ್ನೂ ಇಟ್ಟುಕೊಂಡು ಒಂದು ಪದ್ಯ ಬರೆಯಬಹುದಲ್ವಾ? ಮಕ್ಕಳು ತರಗತಿಯಲ್ಲಿ ಆ ಹೂವಿನ ಚಿತ್ರ ಗುರುತಿಸುವುದಿಲ್ಲ. ಟ್ಯೂಲಿಪ್ ಗುರುತಿಸುತ್ತಾರೆ. ಇದು ಮಕ್ಕಳ ತಪ್ಪಲ್ಲ, ನಾವು ತೋರಿಸಲಿಲ್ಲ.

ಹಿಂದಿನವರು ಹೆಸರು ಹಿಡಿದೇ ಹಾಡಿದ್ದರು. ನಾಲ್ಕು ಜನ ದುಡಿ ವಾದ್ಯ ಹಿಡಿದು ಹಾಡುವ ಕೊಡವರ ಬಾಳೋ ಪಾಟ್ ಕೇಳಿ. ನಾಡು, ಊರು, ಮನೆತನ ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಾರೆ. ಅಂಥ ಹಾಡುಗಳು ಇವತ್ತು ನಮ್ಮ ಕೈಗೆ ಸಿಗುತ್ತಿವೆ ಅಂದರೆ ಅದಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರು ಕಾರಣ. ಊರೂರು ಹಾಡುಗಾರರ ಬಾಯಿಂದ ಬರೆದುಕೊಂಡು 1924ರಲ್ಲಿ ಪಟ್ಟೋಲೆ ಪಳಮೆ ಅಚ್ಚು ಹಾಕಿಸಿದರು. ಅದು ಬಂದು ನೂರು ವರ್ಷ ದಾಟಿತು. ನಮ್ಮ ಕಾಲದ ಮಾತುಗಳನ್ನು ಹಾಗೆ ಕೂಡಿಡುವವರು ಯಾರು?

ಚಿತ್ರದವರಿಗೂ ಒಂದು ಮಾತು. ಒಮ್ಮೆ ಅಯ್ಯಪ್ಪನ ದೇವರಕಾಡಿಗೆ ಹೋಗಿ ಬನ್ನಿ. ಕೊಡಗಿನಲ್ಲಿ 1,214 ದೇವರಕಾಡುಗಳ ಲೆಕ್ಕ ಇದೆ. ಬೇಟೆಯ ದೇವರು ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳನ್ನು ಅಲ್ಲಿ ನೋಡಬಹುದು. ಪಾಚಿ ಹಿಡಿದವು, ಕಿವಿ ಮುರಿದವು, ಅರ್ಧ ಎಲೆಯಲ್ಲಿ ಮುಚ್ಚಿಹೋದವು. ಮಣ್ಣಿನಿಂದ ಮಾಡಿ, ಕಾಡಿನಲ್ಲಿಟ್ಟು, ಮಳೆಗೆ ಬಿಟ್ಟುಬಿಡುತ್ತಾರೆ. ನಾನು ಕಂಡ ಶಿಲ್ಪಗಳಲ್ಲಿ ಅಷ್ಟು ಸಮಾಧಾನವಾಗಿ ಮಣ್ಣಿಗೆ ಮರಳುವ ಶಿಲ್ಪ ಬೇರೆ ಇಲ್ಲ. ಮುಟ್ಟಬೇಡಿ, ತರಬೇಡಿ. ಸುಮ್ನೆ ಕೂತು ನೋಡಿ.

ಜಿಗಣೆ ಬರೆದ ಹುಡುಗಿ ಬಣ್ಣದಲ್ಲೂ ಒಂದು ಪ್ರಯತ್ನ ಮಾಡಿದ್ದಾಳೆ. ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ, ನಾವು ಮದ್ದು ಸೊಪ್ಪು ಬೇಯಿಸಿ ಪಾಯಸ ಮಾಡುತ್ತೇವೆ. ಕೊಡವರ ಬಾಯಲ್ಲಿ ಅದು ಮದ್ದ್ ತೊಪ್ಪ್. ಅಂದು ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಬೇಯಿಸಿದ ನೀರು ಗಾಢ ನೇರಳೆ. ಆ ನೀರಿನಲ್ಲೇ ಅವಳು ಅದೇ ಸೊಪ್ಪಿನ ಚಿತ್ರ ಬರೆದಳು. ತಿಂಗಳುಗಳು ಕಳೆದಂತೆ ಬಣ್ಣ ಮಾಸುತ್ತಿದೆಯಂತೆ. "ಮುಂದಿನ ಕಕ್ಕಡಕ್ಕೆ ಅದರ ಮೇಲೇ ಮತ್ತೆ ಬರೀತೇನೆ ಟೀಚರ್" ಅಂದಳು. ಈ ಯೋಚನೆ ನನಗೆ ತುಂಬಾ ಹಿಡಿಸಿತು.

ಇಂಥವರಿಗೆ ದುಡ್ಡು ಸಿಗುವುದು ಕಷ್ಟ, ಅದೂ ನಿಜ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒಂದು ರೆಸಾರ್ಟಿನವರು ಗೋಡೆ ಚಿತ್ರಕ್ಕೆ ಹೇಳಿದ್ದರು. ಅವನು ಕಾಫಿ ಕೊಯ್ಯುವ ಹೆಂಗಸರನ್ನು, ಹಿಂದೆ ಕೆಲಸಗಾರರ ಲೈನ್ ಮನೆಗಳನ್ನು ಬರೆದ. "ಜನ ಬೇಡ, ಬರೀ ನೇಚರ್ ಇರಲಿ" ಎಂದು ಅಳಿಸಿಸಿದರು. ಅವನು ಆ ಸಂಜೆ ಫೋನ್ ಮಾಡಿದಾಗ ಸಮಾಧಾನ ಹೇಳಲು ನನಗೆ ಮಾತೇ ಹೊರಡಲಿಲ್ಲ. ತಲೆತಲಾಂತರದಿಂದ ಇಲ್ಲಿ ದುಡಿದ ಯರವರು, ಕುರುಬರು, ಈಗ ಅಸ್ಸಾಂನಿಂದ ಬಂದು ದುಡಿಯುತ್ತಿರುವವರು, ಇವರನ್ನೆಲ್ಲ ಅಳಿಸಿದ ಮೇಲೆ ಉಳಿಯುವ ತೋಟ ಯಾವುದು? ಕೈ ಇಲ್ಲದೆ ಕಾಫಿ ಇಲ್ಲ.

ಒಬ್ಬ ಸ್ನೇಹಿತೆ ನನಗೆ ಹೇಳಿದಳು, "ದಿನವಿಡೀ ಕಷ್ಟ ನೋಡಿ ಸಾಕಾಗಿರುತ್ತೆ ಕಣೇ, ಒಂದು ಚಂದದ ಚಿತ್ರ ನೋಡಿ ಮನಸ್ಸು ಹಗುರ ಮಾಡ್ಕೊಂಡ್ರೆ ತಪ್ಪೇನು?" ತಪ್ಪಿಲ್ಲ. ನನಗೂ ಹಾಗೆ ಬೇಕಾಗುತ್ತದೆ. 2021ರಲ್ಲಿ ಮಾಂದಲ್‌ಪಟ್ಟಿ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ನಾನೂ ಹೋಗಿ ನಿಂತಿದ್ದೆ, ಬಾಯಿಗೆ ಮಾತೇ ಬರಲಿಲ್ಲ. ಚಂದವನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಆ ಹೂವಿನ ಚಂದ ಅಷ್ಟು ತಾಗಿದ್ದು ವರ್ಷಗಟ್ಟಲೆ ಕಾದು ಒಮ್ಮೆ ಅರಳುತ್ತದೆ ಎಂದು ಗೊತ್ತಿದ್ದದ್ದಕ್ಕೆ. ಗೊತ್ತಿದ್ದರೆ ಚಂದ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಹೊರಗಿನವರು ಬರೆಯಬಾರದು ಅಂತಲೂ ಅಲ್ಲ. ನಾವೆಲ್ಲ ಶಾಲೆಯಲ್ಲಿ ಎದೆ ತುಂಬಿ ಹಾಡಿದ ಹುತ್ತರಿ ಹಾಡು ಬರೆದ ಪಂಜೆ ಮಂಗೇಶರಾಯರು ಬಂಟ್ವಾಳದವರು, ಮಡಿಕೇರಿಗೆ ಮೇಷ್ಟ್ರಾಗಿ ಬಂದವರು. ಇಲ್ಲಿ ಇದ್ದು, ನೋಡಿ, ಬರೆದರು. ಎರಡು ದಿನಕ್ಕೆ ಬಂದವರಾದರೂ ಒಬ್ಬರನ್ನು ನಿಲ್ಲಿಸಿ "ಇದು ಯಾವ ಮರ ಅಣ್ಣಾ?" ಎಂದು ಕೇಳಬಹುದು. ನಮ್ಮವರು ಖಂಡಿತ ಹೇಳುತ್ತಾರೆ, ಜೊತೆಗೆ ಕಾಫಿಯನ್ನೂ ಕೊಡುತ್ತಾರೆ.

ಆ ಹುಡುಗಿಗೆ ಅಪ್ಪನ ಮಳೆ ಪುಸ್ತಕದ ವಿಷಯ ಹೇಳಿದೆ. ಹೋದ ಭಾನುವಾರ ಬಸ್ಸು ಹಿಡಿದು ಮನೆಗೆ ಬಂದಳು. ಜಗಲಿಯಲ್ಲಿ ಕೂತು ಒಂದೊಂದೇ ಪುಟ ಓದಿದಳು. ಒಂದು ವರ್ಷದ ಸಾಲುಗಳನ್ನು ಆರಿಸಿ ಒಂದೊಂದಕ್ಕೂ ಅಂಗೈ ಅಗಲದ ಚಿತ್ರ ಬರೆಯುತ್ತಾಳಂತೆ. ಅರೆಭಾಷೆಯ ಹುಡುಗನೂ ಸೇರಿಕೊಳ್ಳುತ್ತೇನೆ ಅಂದಿದ್ದಾನೆ. 2018ರ ಆ ಖಾಲಿ ಪುಟ ಬಂದಾಗ ಅವಳು ತಲೆ ಎತ್ತಿ, "ಇದಕ್ಕೆ ಏನು ಬರೆಯೋದು ಟೀಚರ್?" ಅಂದಳು. ನನಗೆ ಗೊತ್ತಾಗಲಿಲ್ಲ. ಪುಸ್ತಕ ಅವಳ ಕೈಗೇ ಕೊಟ್ಟು ಕಳಿಸಿದ್ದೇನೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದು ಪುಟದ ಫೋಟೋ ತೆಗೆದು ನನಗೆ ಕಳಿಸಿ. ಅಂಕಿ ಮಾತ್ರ ಇದ್ದರೂ ಸಾಕು.