ಸ್ಪಷ್ಟನೆ: ಸಾಮಾನ್ಯ ಕೃಪೆ ಅಂದರೆ ಎಲ್ಲರಿಗೂ ರಕ್ಷಣೆ ಅಂತಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸಾಮಾನ್ಯ ಕೃಪೆ ಅಂದರೆ ನಂಬಿದವರೂ ನಂಬದವರೂ ಎಲ್ಲ ರಕ್ಷಣೆ ಹೊಂದುತ್ತಾರೆ ಅಂತ. ಅದಕ್ಕೇ ಕ್ರೈಸ್ತರು ಸಂಗೀತ ಕಛೇರಿ, ವಚನ ಅಂತೆಲ್ಲ ಹೋಗಬಾರದು." ನನಗೂ ಒಂದೇ ದಿನ ಮೂರು ಸಲ ಬಂತು. (ಇಲ್ಲಿ ರಕ್ಷಣೆ ಅಂದರೆ ದೇವರು ಪಾಪದಿಂದ ಬಿಡಿಸುವುದು.)

ಎರಡೂ ಮಾತು ತಪ್ಪು. ಬೈಬಲಿನ ಮತ್ತಾಯ 5:45 ನೋಡಿ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ. ಮುಂಗಾರು ಬಂದಾಗ ಯಾರು ಚರ್ಚಿಗೆ ಹೋಗುತ್ತಾರೆ ಅಂತ ಕೇಳಿ ಹೊಲ ತೋಯುವುದಿಲ್ಲ, ಅಲ್ವಾ? ಮಳೆ, ಬುದ್ಧಿ, ಕಲೆ, ಇವು ಸಾಮಾನ್ಯ ಕೃಪೆ. ರಕ್ಷಣೆಯ ಕೃಪೆ ಬೇರೆ. ಡಚ್ ದೇವತಾಶಾಸ್ತ್ರಜ್ಞ ಅಬ್ರಹಾಂ ಕೈಪರ್ ಕೂಡ ಇವೆರಡನ್ನೂ ಬೇರೆಯಾಗಿಯೇ ಇಟ್ಟರು.

ಇನ್ನು ಸಂಗೀತ, ವಚನಗಳಿಂದ ಕ್ರೈಸ್ತರು ದೂರ ಇರಬೇಕು ಅನ್ನುವ ಮಾತು. ಧಾರವಾಡದಲ್ಲೂ ಕೆಲಸ ಮಾಡಿದ ಬಾಸೆಲ್ ಮಿಶನ್‌ನ ಕ್ರೈಸ್ತ ಪಾದ್ರಿ ಕಿಟ್ಟೆಲ್, ಜೈನ ಕವಿ ಕೇಶಿರಾಜನ ಹಳಗನ್ನಡ ವ್ಯಾಕರಣವನ್ನು 1872ರಲ್ಲಿ ಅಚ್ಚು ಹಾಕಿಸಿದರು. 1894ರ ಅವರ ನಿಘಂಟಿನಲ್ಲಿ ನಮ್ಮ ಗಾದೆಗಳೂ ತುಂಬಿವೆ. ಬೈಬಲಿನಲ್ಲಿ ಬರುವ ಯೇಸುವಿನ ಅಪೊಸ್ತಲ ಪೌಲನೂ ಅಥೆನ್ಸಿನಲ್ಲಿ ಗ್ರೀಕ್ ಕವಿಗಳ ಸಾಲು ಎತ್ತಿ ಮಾತಾಡಿದ.

ಹಾಗಂತ ಕಂಡದ್ದೆಲ್ಲ ಒಪ್ಪಬೇಕಿಲ್ಲ. ಆದರೆ ಆ ಮೆಸೇಜ್ ಸುಮ್ನೆ ಫಾರ್ವರ್ಡ್ ಮಾಡಬೇಡಿ.