ಸ್ಟ್ರಾಂಗಾ, ಮೈಲ್ಡಾ?

ಅಲ್ಲೇ ಬಿಯರು ತಯಾರಿಸಿ ಬಡಿಸುವ ಪುಣೆಯ ಬ್ರೂಪಬ್‌ನಲ್ಲಿ, ರುಚಿ ನೋಡಲೆಂದು ಮರದ ಹಲಗೆಯ ಮೇಲೆ ಬಗೆಬಗೆಯ ಬಿಯರಿನ ಐದಾರು ಪುಟ್ಟ ಗ್ಲಾಸು ತಂದಿಟ್ಟರೆ ಕಾರವಾರದಿಂದ ಬಂದ ನೆಂಟರದ್ದು ಒಂದೇ ಮಾತು: "ಎಂತ ಮಾರಾಯ, ಕೆಮ್ಮಿನ ಔಷಧಿಯಾ ಇದು?" ನಗು ಬರುತ್ತದೆ, ಒಳಗೊಳಗೆ ಚುಚ್ಚುತ್ತದೆ ಕೂಡ. ನಮ್ಮೂರ ಬಾರಿನಲ್ಲಿ ಸ್ಟ್ರಾಂಗಾ ಮೈಲ್ಡಾ ಅಂತ ಕೇಳಿ, ಚಿಲ್ಡ್ ಇದೆ ಅಂದರೆ ಮಾತು ಮುಗಿಯಿತು. ಏರುತ್ತದೆಯೋ ಇಲ್ಲವೋ ಎಂಬುದೇ ಅಲ್ಲಿ ರುಚಿ.

ಸ್ಟ್ರಾಂಗ್ ಅಂದರೆ ಆಲ್ಕೋಹಾಲು ಶೇ. 5ರ ಮೇಲೆ, 8ರವರೆಗೆ. ಆ ಘಾಟು ಮುಚ್ಚಲು ಬಾಟಲಿ ಗಡಗಡ ನಡುಗುವಷ್ಟು ತಣ್ಣಗಿರಬೇಕು. ಅಷ್ಟು ತಣ್ಣಗಾದರೆ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ.

2009ರಲ್ಲಿ ಡೂಲಾಲಿ ಎಂಬ ಬ್ರೂಪಬ್ ಶುರುವಾದ ಈ ಪುಣೆಯಲ್ಲಿ ಸ್ಯಾಂಪಲ್ ಕೇಳಲು ಯಾರೂ ನಾಚುವುದಿಲ್ಲ. 60ರಿಂದ 100 ಮಿ.ಲೀ. ಸಾಕು. ತೆಳುವಾದದ್ದು ಮೊದಲು, ಕಹಿಯಾದದ್ದು ಮತ್ತು ಹುರಿದ ಬಾರ್ಲಿಯ ಕಪ್ಪು ಬಿಯರು ಕೊನೆಗೆ. ಹಾಪ್ಸ್ ಎಂಬ ಕಹಿ ಹೂವು ಹೆಚ್ಚು ಬಿದ್ದ ಐಪಿಎ ಮೊದಲು ಕುಡಿದರೆ ಆಮೇಲಿನದೆಲ್ಲ ನೀರು. ಫ್ರೀಜರಿನ ಗ್ಲಾಸು ಬೇಡ ಅನ್ನಿ. ಸ್ಟೌಟ್ ಎಂಬ ಆ ಕಪ್ಪು ಬಿಯರನ್ನು ಹತ್ತು ನಿಮಿಷ ಹಾಗೇ ಬಿಡಿ, 10 ಡಿಗ್ರಿ ದಾಟಿದ ಮೇಲೆ ಕಾಫಿ, ಚಾಕೊಲೇಟಿನ ವಾಸನೆ ಬಿಚ್ಚಿಕೊಳ್ಳುತ್ತದೆ. ಮೂಗು ಮೊದಲು, ಬಾಯಿ ಆಮೇಲೆ. ಖಾರದ ಫ್ರೈಯನ್ನು ರುಚಿ ನೋಡುವುದು ಮುಗಿದ ಮೇಲೆ ತರಿಸಿ, ಕಹಿ ಬಿಯರು ಮೆಣಸಿನ ಉರಿಯನ್ನು ಇನ್ನೂ ಎಬ್ಬಿಸುತ್ತದೆ.

ಜರ್ಮನಿಯ ಗೋಧಿ ಬಿಯರಾದ ಹೆಫೆವೈಝನ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಎಸೆನ್ಸ್ ಹಾಕಿದ್ದಾರೆಂದು ಅನುಮಾನ ಬೇಡ, ಅದು ಯೀಸ್ಟಿನದೇ ಕೆಲಸ. ಬೆಚ್ಚಗೆ ಹುಳಿ ಬಂದರೆ ಬಾಳೆ ಮುಂದೆ, ತಂಪಿನಲ್ಲಿ ಬಂದರೆ ಲವಂಗ. ತೋಟದಲ್ಲಿ ಲವಂಗ ಬೆಳೆಯುವ ಶಿರಸಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಣ್ಣೆಯ ವಾಸನೆ ಹೊಡೆದರೆ ದೋಷ: ಯೀಸ್ಟಿಗೆ ಕೆಲಸ ಮುಗಿಸಲು ಬಿಟ್ಟಿಲ್ಲ, ಅಥವಾ ಬಿಯರು ಬರುವ ನಲ್ಲಿಯ ಪೈಪು ತೊಳೆದಿಲ್ಲ. ವಾಪಸು ಕಳಿಸಿ.

ಇಲ್ಲಿನವರಿಗೂ ಒಂದು ಹುಚ್ಚಿದೆ, ಐಪಿಎ ಮೆಚ್ಚದವನಿಗೆ ಬಿಯರೇ ಗೊತ್ತಿಲ್ಲ ಅನ್ನುವುದು. ಕರಾವಳಿಯವರು ಅದಕ್ಕೆ ಸೊಪ್ಪು ಹಾಕಬೇಕಿಲ್ಲ. ಮುರುಗಲು, ಅಪ್ಪೆಹುಳಿ ಕುಡಿದು ಬೆಳೆದ ನಾಲಿಗೆಗೆ ಜರ್ಮನಿಯ ಹುಳಿ ಬಿಯರು ಗೋಝ ಇದೆ: ಗೋಸ್ಲಾರ್ ಊರಿನ ಹೆಸರಿನದು, ಲೈಪ್ಸಿಗ್‌ನಲ್ಲಿ ಬಾಳಿದ್ದು. ಗೋಧಿ, ಉಪ್ಪು, ಕೊತ್ತಂಬರಿ ಬೀಜ, ಮೊಸರಿನಂಥ ಲ್ಯಾಕ್ಟಿಕ್ ಹುಳಿ, ಆಲ್ಕೋಹಾಲು ಶೇ. 5ರ ಕೆಳಗೆ, ಕಹಿ ಇಲ್ಲವೆನ್ನುವಷ್ಟು. ಹುಳಿ ಅತಿಯಾಯಿತೆಂದರೆ ಬೆಲ್ಜಿಯಂನ ಗೋಧಿ ಬಿಯರು ವಿಟ್‌ಬಿಯರ್ ಇದೆ, ಅದರಲ್ಲೂ ಕೊತ್ತಂಬರಿ ಇದೆ, ಜೊತೆಗೆ ಕಿತ್ತಳೆ ಸಿಪ್ಪೆ. ಆದರೆ ಸ್ಯಾಂಪಲ್ ಒಂದನ್ನೇ ನಂಬಬೇಡಿ. ಸಿಹಿಯಾದದ್ದು ಎರಡು ಗುಟುಕಿಗೆ ಗೆಲ್ಲುತ್ತದೆ, ಅರ್ಧ ಲೀಟರಿಗೆ ವಾಕರಿಕೆ ತರುತ್ತದೆ. ಹಿಡಿಸಿದ ಎರಡನ್ನು ಇನ್ನೊಂದು ದಿನ ಪೂರ್ತಿ ಗ್ಲಾಸು ಕುಡಿದು ನೋಡಿದ ಮೇಲಷ್ಟೇ ನಿಮ್ಮದು ಯಾವುದೆಂದು ತಿಳಿಯುವುದು.

ಇಷ್ಟೆಲ್ಲ ಹೇಳಿದರೂ, ಮೇ ತಿಂಗಳ ಕಾರವಾರದ ಸೆಕೆಯಲ್ಲಿ ರವೆ ಹಚ್ಚಿ ಹುರಿದ ಬಂಗುಡೆಗೆ ಚಿಲ್ಡ್ ಮೈಲ್ಡ್ ಲಾಗರಿನ, ಅಂದರೆ ಬಾರಿನ ಮಾಮೂಲಿ ತಿಳಿ ಬಿಯರಿನ, ಎದುರು ಈ ಹಲಗೆಯ ಯಾವ ಗ್ಲಾಸೂ ನಿಲ್ಲುವುದಿಲ್ಲ, ಒಪ್ಪಿದೆ. ಎಣ್ಣೆ ತೊಳೆಯುತ್ತದೆ, ಖಾರವನ್ನು ಕೆದಕುವುದಿಲ್ಲ. ಕೆಗ್, ಅಂದರೆ ಬಿಯರಿನ ಪೀಪಾಯಿ, ಬೇಗ ಖಾಲಿಯಾಗದ ಊರಿನಲ್ಲಿ ಐಪಿಎ ಇಟ್ಟರೆ ಹಾಪ್ಸಿನ ಪರಿಮಳ ಕೆಲವೇ ವಾರಗಳಲ್ಲಿ ಸತ್ತು ಬರೀ ಕಹಿ ಉಳಿಯುತ್ತದೆ, ಅದೂ ನಿಜ. ಬಾಟಲಿಯೇ ಆಗಲಿ ಹಾಗಾದರೆ. ಹಸಿರು ಬಾಟಲಿಯಾದರೆ ಮಾತ್ರ ಬಿಸಿಲು ಬೀಳುವ ಮುಂದಿನ ಸಾಲಿನದು ಬೇಡ, ಬೆಳಕು ತಾಗಿ ಹಾಪ್ಸ್ ನಾರುತ್ತದೆ. ಒಳಗಿನ ಕ್ರೇಟಿನದು ಕೊಡಿ ಅನ್ನಿ.