ಆರಾಧನೆಯಲ್ಲಿ ಹೃದಯ ಇರಬೇಕು ಸರಿ, ಆದರೆ ಹೃದಯ ಅಂದರೆ ಯಾವುದು?

"ಇವತ್ತು ಆರಾಧನೆ ತುಂಬಾ ಚೆನ್ನಾಗಿತ್ತು" ಅಂತ ಸಭೆ ಮುಗಿದ ಮೇಲೆ ಹೇಳುತ್ತಾರಲ್ಲ, ಹಾಗಂದರೆ ಏನು ಅಂತ ಒಂದು ಸಲ ಬಿಡಿಸಿ ಕೇಳಿ ನೋಡಿ. ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು, ಕೊನೆಯ ಹಾಡಿಗೆ ಎಲ್ಲರೂ ಕೈ ಎತ್ತಿದರು. ಬಹುತೇಕ ಇಷ್ಟೇ ಉತ್ತರ. ಕಣ್ಣೀರಿನ ಮೇಲೆ ನನಗೆ ತಕರಾರಿಲ್ಲ. ಫರಿಸಾಯನ ಮನೆಯಲ್ಲಿ ತಮ್ಮ ಪಾದವನ್ನು ಕಣ್ಣೀರಿನಿಂದ ತೋಯಿಸಿದ ಹೆಂಗಸನ್ನು ಯೇಸುಸ್ವಾಮಿ ತಡೆಯಲಿಲ್ಲ (ಲೂಕ 7). ಆದರೆ ಕಣ್ಣೀರು ಬಾರದ ವಾರ "ನನ್ನ ಭಕ್ತಿ ಆರಿಹೋಯಿತು" ಎಂದು ಕೊರಗುವವರಿದ್ದಾರೆ. ಕಣ್ಣೀರು ಬಂದ ವಾರ ಎಲ್ಲ ಸರಿಯಾಯಿತು ಎಂದು ನಿಶ್ಚಿಂತೆಯಿಂದ ಮನೆಗೆ ಹೋಗುವವರೂ ಇದ್ದಾರೆ. ಇಬ್ಬರೂ ಎಡವುವುದು ಒಂದೇ ಕಲ್ಲಿಗೆ. ಹೃದಯ ಎಂದರೆ ಭಾವನೆ ಎಂದು ಇಬ್ಬರೂ ಅಂದುಕೊಂಡಿದ್ದಾರೆ.

ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ 'ಲೇವ್' ಎನ್ನುತ್ತಾರೆ. ಸಂತೋಷ, ಭಯ ಅಲ್ಲೂ ಇವೆ. ಆದರೂ ಅದು ಮುಖ್ಯವಾಗಿ ಯೋಚಿಸುವ, ತೀರ್ಮಾನ ಮಾಡುವ ಜಾಗ. ಈಜಿಪ್ಟಿನ ಅರಸ ಫರೋಹನ ಹೃದಯ ಕಠಿಣವಾಯಿತು ಎಂದಾಗ ಅವನಿಗೆ ಅಳು ಬರಲಿಲ್ಲ ಎಂದು ಯಾರೂ ಓದುವುದಿಲ್ಲ. ಗುಲಾಮರಾಗಿದ್ದ ಇಸ್ರಾಯೇಲ್ ಜನರನ್ನು ಬಿಡುವುದಿಲ್ಲ ಎಂದು ಹಟ ಹಿಡಿದ ಎಂದೇ ಓದುತ್ತೇವೆ. 1 ಅರಸುಗಳು 3:9ರಲ್ಲಿ ಸೊಲೊಮೋನ ಬೇಡಿಕೊಂಡದ್ದು ಮೂಲದಲ್ಲಿ 'ಕೇಳುವ ಹೃದಯ', ಅದೂ ನ್ಯಾಯ ತೀರಿಸುವುದಕ್ಕೆ. ಮರುಕದ ವಿಷಯ ಬಂದಾಗ ಬೈಬಲಿನವರು ಇನ್ನೂ ಕೆಳಗಿಳಿಯುತ್ತಾರೆ. ಜನರ ಗುಂಪನ್ನು ಕಂಡು ಯೇಸುಸ್ವಾಮಿ ಕನಿಕರಪಟ್ಟರು ಎನ್ನುವಲ್ಲಿ ಇರುವ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ಕರುಳಿನಿಂದ. ನಮಗೂ ಹಾಗೇ ತಾನೆ, ಕರುಳು ಚುರುಕ್ ಅನ್ನುತ್ತದೆ.

ಯೆಶಾಯ 29:13 ಎಲ್ಲರಿಗೂ ಬಾಯಿಪಾಠ: ಬಾಯಿ ದೇವರಿಗೆ ಹತ್ತಿರ, ಹೃದಯ ದೂರ. ಯೇಸುಸ್ವಾಮಿ ಮತ್ತಾಯ 15ರಲ್ಲಿ ಆ ಮಾತನ್ನು ಎತ್ತಿದ್ದು ಯಾರ ಮೇಲೆ? ನೀರಸವಾಗಿ ಹಾಡುತ್ತಿದ್ದವರ ಮೇಲಲ್ಲ. ವಯಸ್ಸಾದ ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಇದು ದೇವರಿಗೆ ಮೀಸಲು' ಎಂದು ಹೇಳಿ ಉಳಿಸಿಕೊಳ್ಳುವ ದಾರಿ ಕಲಿಸಿದವರ ಮೇಲೆ. ಹೃದಯ ಎಲ್ಲಿದೆ ಎಂದು ಯೇಸುಸ್ವಾಮಿ ಅಳೆದದ್ದು ಹಣ ಹೋದ ದಿಕ್ಕು ನೋಡಿ.

ಇದನ್ನು ಒಪ್ಪಿದರೆ ದಿನದ ಭಕ್ತಿಯ ಕ್ರಮವೇ ಬದಲಾಗುತ್ತದೆ. ಭಾವನೆ ಬರಲಿ, ಆಮೇಲೆ ಪ್ರಾರ್ಥಿಸುತ್ತೇನೆ ಎಂದು ಕಾಯುವುದು ತಪ್ಪುತ್ತದೆ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದ 19ನೇ ಅಧ್ಯಾಯದಲ್ಲಿ, ಬೈಬಲಿನ ಕೀರ್ತನೆ ಹಾಡುವಾಗ ನಮ್ಮ ಮನಸ್ಸು ನಮ್ಮ ದನಿಗೆ ಹೊಂದಿಕೊಳ್ಳುವಂತೆ ನಿಲ್ಲೋಣ ಎನ್ನುತ್ತಾನೆ. ಕ್ರಮ ಗಮನಿಸಿ. ದನಿ ಮುಂದೆ, ಮನಸ್ಸು ಅದರ ಬೆನ್ನಿಗೆ. ನಾವು ಇದನ್ನು ತಲೆಕೆಳಗು ಮಾಡಿಕೊಂಡು, ಮನಸ್ಸಿಲ್ಲದೆ ಬಾಯಿ ತೆರೆದರೆ ಕಪಟ ಎಂದು ಹೆದರಿ ಕೂತಿದ್ದೇವೆ. ಬೇರೆಯವರು ನೋಡಲಿ ಎಂದು ಮಾಡುವುದು ಕಪಟ. ಮನಸ್ಸು ಬರಲಿ ಎಂದು ಬಾಯಿ ತೆರೆಯುವುದು ಅಭ್ಯಾಸ.

ಹಾಗಾದರೆ ಮಾಡುವುದು ಹೇಗೆ? ಹೊಸದಾಗಿ ಶುರು ಮಾಡುವವರಿಗೆ 20 ನಿಮಿಷ ಸಾಕು. ಒಂದು ಗಂಟೆ ಎಂದು ಹರಕೆ ಹೊತ್ತವರು ನಾಲ್ಕನೇ ದಿನಕ್ಕೆ ಕೈಬಿಡುತ್ತಾರೆ. ಫೋನ್ ಪಕ್ಕದ ಕೋಣೆಯಲ್ಲಿರಲಿ. ಬೈಬಲ್ ಆ್ಯಪ್ ತೆರೆಯುವುದಕ್ಕೆ ಹೋಗಿ ವಾಟ್ಸಾಪ್‌ನಲ್ಲಿ ಮುಳುಗುವುದು ಎಲ್ಲರಿಗೂ ಗೊತ್ತಿರುವ ಕಥೆ. ಮುದ್ರಿತ ಬೈಬಲ್, ಒಂದು ಪೆನ್ಸಿಲ್, ಒಂದು ತುಂಡು ಕಾಗದ. ಕಾಗದ ಯಾಕೆಂದರೆ, ಕೂತ ಎರಡೇ ನಿಮಿಷಕ್ಕೆ ಕಟ್ಟಬೇಕಾದ ಬಿಲ್ಲು, ಮರೆತ ಕೆಲಸ ಎಲ್ಲ ನೆನಪಾಗುತ್ತದೆ. ಅದರ ಜೊತೆ ಗುದ್ದಾಡಬೇಡಿ, ಒಂದು ಪದದಲ್ಲಿ ಬರೆದಿಟ್ಟು ವಾಪಸ್ಸು ಬನ್ನಿ. ಪದೇಪದೇ ಬರುವ ಯೋಚನೆ ಇದ್ದರೆ ಅದು ಅಡ್ಡಿಯಲ್ಲ, ಅವತ್ತಿನ ಪ್ರಾರ್ಥನೆಯ ವಿಷಯವೇ ಅದು.

ಮೊದಲ 2 ನಿಮಿಷ ಸುಮ್ಮನಿರಿ. ಆಮೇಲೆ ಒಂದೇ ಒಂದು ಕೀರ್ತನೆಯನ್ನು ಗಟ್ಟಿಯಾಗಿ, ನಿಮ್ಮ ಕಿವಿಗೆ ಕೇಳುವಂತೆ ಎರಡು ಸಲ ಓದಿ. ಎರಡನೇ ಸಲ ಎಲ್ಲಿ ನಾಲಿಗೆ ತಡೆಯುತ್ತದೋ ಅಲ್ಲಿ ಪೆನ್ಸಿಲ್ ಗುರುತು.

ಉದಾಹರಣೆಗೆ ದಾವೀದನ ಹೆಸರಿನಲ್ಲಿರುವ 13ನೇ ಕೀರ್ತನೆ. ಇರುವುದು 6 ವಚನ. ಮೊದಲ ಎರಡು ವಚನದಲ್ಲಿ 'ಇನ್ನೆಷ್ಟರವರೆಗೆ' ಎಂಬ ಪ್ರಶ್ನೆ 4 ಸಲ. 3 ಮತ್ತು 4ರಲ್ಲಿ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಕಳೆ ಕೊಡು. 5 ಮತ್ತು 6ರಲ್ಲಿ ಭರವಸೆ, ಹಾಡು. 4ನೇ ವಚನಕ್ಕೂ 5ನೇ ವಚನಕ್ಕೂ ನಡುವೆ ಏನಾಯಿತು? ಏನೂ ಆಗಿಲ್ಲ. ಶತ್ರು ಸತ್ತ ಎಂದಿಲ್ಲ, ಕಷ್ಟ ತೀರಿತು ಎಂದಿಲ್ಲ. ದಾವೀದನ ಪರಿಸ್ಥಿತಿ ಇದ್ದ ಹಾಗೇ ಇದೆ, ತಿರುಗಿದ್ದು ಅವನ ಮುಖ. ಇದೇ ಅಚ್ಚಿನಲ್ಲಿ ನಿಮ್ಮ ಪ್ರಾರ್ಥನೆ ಹಾಕಿ: ಎರಡು ವಾಕ್ಯ ದೂರು, ಎರಡು ವಾಕ್ಯ ಬೇಡಿಕೆ, ಎರಡು ವಾಕ್ಯ ಭರವಸೆ. ದೂರನ್ನು ನುಂಗಿಕೊಂಡು ನೇರ ಸ್ತೋತ್ರಕ್ಕೆ ಹಾರುವವರ ಸ್ತೋತ್ರ ಟೊಳ್ಳಾಗುವುದು ಇಲ್ಲೇ. ದೂರೂ ಪ್ರಾರ್ಥನೆಯೇ, 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ.

ವರ್ಷಕ್ಕೆ ಇಡೀ ಬೈಬಲ್ ಓದುವ ಯೋಜನೆ ಒಳ್ಳೆಯದೇ, ಆದರೆ ಅದನ್ನು ಆರಾಧನೆ ಎಂದುಕೊಳ್ಳಬೇಡಿ. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಜನವರಿ 1ರಿಂದ ದಿನಕ್ಕೆ 3ರಂತೆ ಓದಿದರೂ ಆದಿಕಾಂಡದ 50, ವಿಮೋಚನಕಾಂಡದ 40 ಮುಗಿದು ಜನವರಿ 31ಕ್ಕೆ ಯಾಜಕಕಾಂಡದ ಬಾಗಿಲು. ಅಲ್ಲಿಂದ ಮುಂದೆ ಎಷ್ಟು ಜನ ಹೋಗುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನು ಬರಗಾಲ. ಎಷ್ಟೇ ಕ್ರಮ ಇಟ್ಟುಕೊಂಡರೂ ಒಣಗಿದ ದಿನಗಳು ಬರುತ್ತವೆ. ಈಜಿಪ್ಟಿನ ಮರುಭೂಮಿಯಲ್ಲಿದ್ದು 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು 'ನಡುಹಗಲಿನ ದೆವ್ವ' ಎಂದು ಕರೆದ. ಅವನ ವರ್ಣನೆಯಲ್ಲಿ ಸನ್ಯಾಸಿ ಮತ್ತೆ ಮತ್ತೆ ಕಿಟಕಿ ನೋಡುತ್ತಾನೆ, ಗುಡಿಸಲಿನಿಂದ ಹೊರಬಂದು ಸೂರ್ಯ ಎಲ್ಲಿದ್ದಾನೆ, ಊಟದ ಹೊತ್ತಿಗೆ ಇನ್ನೆಷ್ಟು ಹೊತ್ತು ಎಂದು ಅಳೆಯುತ್ತಾನೆ. ಸೂರ್ಯನ ಜಾಗದಲ್ಲಿ ಗಡಿಯಾರ ಇಟ್ಟರೆ ನಾವೇ. 16ನೇ ಶತಮಾನದಲ್ಲಿ, ಜೆಸ್ವಿಟ್ ಸಂಘ ಕಟ್ಟಿದ ಲೊಯೊಲಾದ ಇಗ್ನೇಷಿಯಸ್ ಕೊಟ್ಟ ಎರಡು ಸಲಹೆ ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಒಂದು, ಒಣಗಿದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡ. ಎರಡು, ಗೊತ್ತುಮಾಡಿದ ಸಮಯಕ್ಕಿಂತ ಸ್ವಲ್ಪ ಹೆಚ್ಚೇ ಕೂರು. ನಮ್ಮ 20 ನಿಮಿಷ ಭಾರವಾದ ದಿನ 21 ಮಾಡಿ; 12ಕ್ಕೆ ಎದ್ದುಬಿಟ್ಟರೆ ನಾಳೆ 8ಕ್ಕೇ ಏಳುತ್ತೀರಿ. ಒಂದು ಎಚ್ಚರಿಕೆ: ನಿದ್ದೆಗೆಟ್ಟ ದೇಹದ ಸುಸ್ತನ್ನು ಆತ್ಮಿಕ ಬರಗಾಲ ಎಂದು ತಿಳಿದು ಉಪವಾಸ ಹಾಕಿಕೊಳ್ಳಬೇಡಿ. ಪ್ರವಾದಿ ಎಲೀಯ ಸಾಯಬೇಕೆಂದು ಬೇಡಿಕೊಂಡಾಗ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿದ (1 ಅರಸುಗಳು 19).

ಸಭೆಯಲ್ಲಿ ಹಾಡು ನಡೆಸುವವರಿಗೆ ನಾಲ್ಕು ಮಾತು. ರೆಕಾರ್ಡಿಂಗ್‌ನಲ್ಲಿ ಇರುವ ಶ್ರುತಿಯಲ್ಲೇ ಹಾಡಿಸಬೇಡಿ. ಅದು ಒಬ್ಬ ತಯಾರಾದ ಗಾಯಕನ ಗಂಟಲಿಗೆ ಕೂರಿಸಿದ್ದು. ಒಂದು ಅಥವಾ ಎರಡು ಸ್ವರ ಇಳಿಸಿ. ಮೇಲಿನ ಸ್ವರ ಎಟುಕದಿದ್ದರೆ ಜನ ಹಾಡು ನಿಲ್ಲಿಸಿ ನೋಡುತ್ತಾ ನಿಲ್ಲುತ್ತಾರೆ, ಆರಾಧಕರು ಪ್ರೇಕ್ಷಕರಾಗುವುದು ಹೀಗೇ. ಪರೀಕ್ಷೆ ಸುಲಭ: ಒಂದು ಚರಣಕ್ಕೆ ವಾದ್ಯವೆಲ್ಲ ನಿಲ್ಲಿಸಿ. ಸಭೆಯ ದನಿ ಕೇಳಿಸಿತೇ? ಸಾಲಿನ ಕೊನೆಯ ಪದ ಮುಗಿಯುವ ಮೊದಲೇ ಪರದೆಯ ಮೇಲೆ ಮುಂದಿನ ಸಾಲು ಬರಬೇಕು. ಹೊಸ ಹಾಡು ಒಂದು ವಾರಕ್ಕೆ ಒಂದೇ, ಅದನ್ನೇ ಮೂರು ವಾರ ಹಾಡಿಸಿ.

ಪಲ್ಲವಿಯನ್ನು ಮತ್ತೆ ಮತ್ತೆ ಹಾಡುವುದರ ಬಗ್ಗೆ ಜಗಳ ಇದ್ದೇ ಇದೆ. ಪುನರಾವರ್ತನೆಯೇ ತಪ್ಪು ಎನ್ನುವವರು 136ನೇ ಕೀರ್ತನೆ ತೆರೆಯಲಿ, ಅಲ್ಲಿ ಒಂದೇ ಪಲ್ಲವಿ 26 ಸಲ ಬರುತ್ತದೆ. ಆದರೆ ಪ್ರತಿ ಸಲವೂ ಪಲ್ಲವಿಗೆ ಮೊದಲು ಒಂದು ಹೊಸ ಮಾತು ಇದೆ: ಆಕಾಶ ಮಾಡಿದ, ಸಮುದ್ರ ಸೀಳಿದ, ಆಹಾರ ಕೊಡುತ್ತಾನೆ. ಕಾರಣ ಮುಂದೆ ಸಾಗುತ್ತದೆ, ಕೃತಜ್ಞತೆ ಮರಳುತ್ತದೆ. ಕಾರಣವೇ ಇಲ್ಲದೆ ಒಂದೇ ಸಾಲನ್ನು ಹತ್ತು ಸಲ ಏರುದನಿಯಲ್ಲಿ ಹಾಡಿಸಿದರೆ ಮೈ ಜುಮ್ಮೆನ್ನುವುದು ಖಂಡಿತ, ಯಾವ ಸಂಗೀತ ಕಛೇರಿಯಲ್ಲೂ ಅನ್ನುತ್ತದೆ. ಹಿಪ್ಪೋದ ಬಿಷಪ್ ಅಗಸ್ಟೀನ್ 1,600 ವರ್ಷದ ಹಿಂದೆಯೇ ಈ ಇಕ್ಕಟ್ಟು ಅನುಭವಿಸಿದ್ದ. ಹಾಡಿನ ಮಾತಿಗಿಂತ ಹಾಡಿಕೆಯೇ ತನ್ನನ್ನು ಕದಲಿಸಿದಾಗ ಅದನ್ನು ತನ್ನ ಪಾಪವೆಂದು ಒಪ್ಪಿಕೊಂಡ. ಆದರೂ ಸಭೆಯಲ್ಲಿ ಹಾಡು ಇರಲಿ ಎಂಬ ಕಡೆಗೇ ವಾಲಿದ. ನನಗೂ ಅದೇ ಸರಿ ಅನ್ನಿಸುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಮತ್ತಾಯ 5:23-24. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿಯಾಗು. ಯೇಸುಸ್ವಾಮಿ ಇದನ್ನು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ 100 ಕಿಲೋಮೀಟರಿಗಿಂತ ಹೆಚ್ಚು ಕಾಲುದಾರಿ. ಹೋಗಿ ಬರುವುದಕ್ಕೆ ಹೆಚ್ಚುಕಡಿಮೆ ಒಂದು ವಾರ. ಕೇಳುತ್ತಿದ್ದವರ ಕಣ್ಣ ಮುಂದೆ ಅಷ್ಟು ದಿನವೂ ವೇದಿಯ ಪಕ್ಕ ಕಾಯುತ್ತಾ ನಿಂತ ಕುರಿಮರಿ ಬಂದಿರಬೇಕು. ಇನ್ನೊಂದು ಮಾತು, ತಪ್ಪು ಯಾರದ್ದು ಎಂದು ಆ ವಚನ ಕೇಳುವುದಿಲ್ಲ. ಅವರಿಗೆ ನಿಮ್ಮ ಮೇಲೆ ಬೇಸರ ಇದೆ ಎಂದು ನಿಮಗೆ ನೆನಪಾದರೆ ಸಾಕು.

ಹಾಗಾಗಿ ಶನಿವಾರ ರಾತ್ರಿ ಬಟ್ಟೆ ಇಸ್ತ್ರಿ ಮಾಡುವಾಗ ಆ ಒಂದು ಹೆಸರು ನೆನಪಿಗೆ ಬಂದರೆ, ಇಸ್ತ್ರಿಪೆಟ್ಟಿಗೆ ಆರಿಸಿ ಫೋನ್ ಮಾಡಿ. ಮೆಸೇಜ್ ಬೇಡ. "ನಿಮಗೆ ಬೇಸರ ಆಗಿದೆ ಅಂತ ಗೊತ್ತು, ಮಾತಾಡಬಹುದಾ?" ಅಷ್ಟರಿಂದ ಶುರುಮಾಡಿ, ವಿವರಣೆ ಆಮೇಲೆ ನೋಡೋಣ. ಅವರು ಎತ್ತದಿದ್ದರೆ ಭಾನುವಾರ ಸಭೆ ಮುಗಿದ ಮೇಲೆ ಇನ್ನೊಂದು ಸಲ.